ಹಿಮಾಲಯದ ಹಿಮದಿಂದ ಸೀತಾನದಿಯ ನೆರೆಯವರೆಗೆ

ಉಡುಪಿ ಜಿಲ್ಲೆಯ ಬ್ರಹ್ಮಾವರದಲ್ಲಿ ಹಿಮ ಬೀಳುವುದಿಲ್ಲ. ಆದರೂ ನಮ್ಮ ಮುಂಗಾರಿನ ಮುನ್ಸೂಚನೆ ಹುಟ್ಟಿದ್ದು ಹಿಮದ ಲೆಕ್ಕದಿಂದಲೇ. 1875ರಲ್ಲಿ ಆರಂಭವಾದ ಭಾರತೀಯ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ ಬ್ಲಾನ್‌ಫೋರ್ಡ್, ಹಿಮಾಲಯದಲ್ಲಿ ಹಿಮ ಹೆಚ್ಚಾದ ವರ್ಷ ಮುಂಗಾರು ಸೊರಗುತ್ತದೆ ಎಂದು ಗುರುತಿಸಿ, 1886ರ ಹೊತ್ತಿಗೆ ಅದರ ಮೇಲೆಯೇ ಮುನ್ಸೂಚನೆ ಕೊಡತೊಡಗಿದ. 1904ರಲ್ಲಿ ಬಂದ ಗಿಲ್ಬರ್ಟ್ ವಾಕರ್ ಹಿಮಾಲಯ ದಾಟಿ ಪೆಸಿಫಿಕ್ ಸಾಗರದ ವಾಯುಭಾರದವರೆಗೂ ನೋಡಿದ. ಇಬ್ಬರ ತಲೆಯಲ್ಲೂ ಇದ್ದದ್ದು ಬರ. ಮಳೆ ಬಂದೀತೇ ಎಂಬುದು ಬಯಲುಸೀಮೆಯ ಆತಂಕ. ಒಂದೇ ರಾತ್ರಿ ಎಷ್ಟು ಸುರಿದೀತು ಎಂಬುದು ಕರಾವಳಿಯದು.

ಆರಿದ್ರಾ, ಪುನರ್ವಸು, ಪುಷ್ಯ ಎಂದು ನಕ್ಷತ್ರದ ಮೇಲೆ ಮಳೆ ಎಣಿಸುವ ನಮ್ಮ ಕ್ರಮ ವಾಡಿಕೆಯ ಮಳೆಗೆ ಸರಿ. ವಾಡಿಕೆ ಮೀರಿದ್ದನ್ನು ಅದು ಹೇಳಲಾರದು. 1980ರ ದಶಕದಲ್ಲಿ ಇನ್ಸಾಟ್ ಉಪಗ್ರಹಗಳು ಕಡಲ ಮೇಲಿನ ಮೋಡ ತೋರಿಸಿದವು. ಡಾಪ್ಲರ್ ರಾಡಾರ್ ಬಂದರೂ ಬಹುಕಾಲ ನಮಗೆ ಹತ್ತಿರದವು ಗೋವಾ, ಕೊಚ್ಚಿಗಳಲ್ಲೇ ಇದ್ದವು. ದೂರ ಹೋದಂತೆ ರಾಡಾರಿನ ಕಿರಣ ನೆಲದಿಂದ ಮೇಲೇರುತ್ತದೆ; ಘಟ್ಟಕ್ಕೆ ತಾಗಿ ಸುರಿಯುವ ತಗ್ಗು ಮೋಡ ಅದರ ಕಣ್ಣಿಗೆ ಬೀಳುವುದೇ ಕಷ್ಟ. ಕುಂದಾಪುರ, ಬೈಂದೂರಿನವರು ಹೀಗೆ ಎರಡು ರಾಡಾರುಗಳ ನಡುವೆ ಉಳಿದರು.

2020ರ ಸೆಪ್ಟೆಂಬರ್ 20, ಭಾನುವಾರ. ಹಿಂದಿನ ರಾತ್ರಿ ಹಿಡಿದ ಮಳೆ ಬಿಡಲಿಲ್ಲ. ಉಡುಪಿ ಜಿಲ್ಲೆಯ ಕೆಲವೆಡೆ 24 ಗಂಟೆಗಳಲ್ಲಿ 300 ಮಿ.ಮೀ. ದಾಟಿತು. ಇಲಾಖೆ 204.4 ಮಿ.ಮೀ. ಮೀರಿದ್ದನ್ನೇ ‘ಅತ್ಯಂತ ಭಾರೀ’ ಎನ್ನುತ್ತದೆ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಪಡುಗಾಳಿ ಬಿರುಸಾಗಿ, ಅರಬ್ಬಿ ಕಡಲಿನ ತೇವವನ್ನು ಘಟ್ಟಕ್ಕೆ ಅಪ್ಪಳಿಸುತ್ತದೆ. ಸೀತಾ, ಸ್ವರ್ಣಾ ನದಿಗಳು ಉಕ್ಕಿ ಮನೆಗಳಿಗೆ ನುಗ್ಗಿದವು. ಎನ್‌ಡಿಆರ್‌ಎಫ್ ದೋಣಿಗಳು ಬೀದಿಗಿಳಿದವು. ತೆನೆ ಬಿಡುತ್ತಿದ್ದ ಗದ್ದೆಗಳು ಮುಳುಗಿದವು.

ನನ್ನ ಮಟ್ಟಿಗೆ ಇಲ್ಲಿಯ ದೊಡ್ಡ ಕೊರತೆ ಮಳೆಯ ಮುನ್ಸೂಚನೆಯದ್ದಲ್ಲ, ನೀರಿನ ಮಟ್ಟದ್ದು. ಇಲಾಖೆಯ ಎಚ್ಚರಿಕೆಯ ಹಳದಿ, ಕಿತ್ತಳೆ, ಕೆಂಪು ಬಣ್ಣ ಇಡೀ ಜಿಲ್ಲೆಗೆ ಒಂದೇ. ನೀಲಾವರದ ಹೊಳೆಬದಿಯ ಮನೆಗೂ ಮಣಿಪಾಲದ ಗುಡ್ಡಕ್ಕೂ ಅದೇ ಎಚ್ಚರಿಕೆ. ಮೇಲಾಗಿ ಎರಡೂ ನದಿಗಳು ಕೋಡಿಬೆಂಗ್ರೆಯ ಅಳಿವೆಯಲ್ಲಿ ಕಡಲು ಸೇರುತ್ತವೆ. ಅಲ್ಲಿ ಉಬ್ಬರವಿದ್ದರೆ ನೆರೆ ಇಳಿಯುವುದು ತಡ. ಅಮಾವಾಸ್ಯೆಯ ಆಸುಪಾಸಿನಲ್ಲಿ ಉಬ್ಬರ ದೊಡ್ಡದು; ಆ ಭಾನುವಾರಕ್ಕೆ ಮಹಾಲಯ ಅಮಾವಾಸ್ಯೆ ಕಳೆದು ಮೂರೇ ದಿನವಾಗಿತ್ತು. ಉಬ್ಬರದ ಪಟ್ಟಿ ಮೀನುಗಾರರ ಬಳಿ ಇದೆ, ಮಳೆಯ ಅಳತೆ ಗ್ರಾಮ ಪಂಚಾಯತಿಯ ಮಾಪಕಗಳಲ್ಲಿದೆ. ಎರಡನ್ನೂ ಹೊಳೆಯ ಲೆಕ್ಕಕ್ಕೆ ಕೂಡಿಸಿ ಹೇಳುವವರು ಬೇಕು.

ರೈತರ ವಿಷಯದಲ್ಲಿ ಕೆಲಸ ತುಸು ಮುಂದಿದೆ. ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರ ವಾರಕ್ಕೆರಡು ಬಾರಿ, ಮಂಗಳವಾರ ಮತ್ತು ಶುಕ್ರವಾರ, ಹವಾಮಾನ ಆಧಾರಿತ ಸಲಹೆ ಕೊಡುತ್ತದೆ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯಲು ಬಿಸಿಲಿನ ಬಿಡುವು ಯಾವಾಗ ಎಂಬುದು ಕೊಳೆರೋಗದ ಊರಿನಲ್ಲಿ ಸಣ್ಣ ಮಾಹಿತಿಯಲ್ಲ. ಅದೇ ಕೇಂದ್ರದ ಕೆಂಪಕ್ಕಿಯ ತಳಿ ‘ಸಹ್ಯಾದ್ರಿ ಪಂಚಮುಖಿ’ ಕೆಲವು ದಿನ ನೆರೆನೀರು ನಿಂತರೂ ತಡೆದುಕೊಳ್ಳುತ್ತದೆ. ತಗ್ಗಿನ ಬೈಲುಗದ್ದೆಯವರು ಅದನ್ನು ಬಿತ್ತತೊಡಗಿದ್ದಾರೆ.