ಕಪಾಲ ನರಗಳು ಹನ್ನೆರಡಾದ ಕಥೆ

1/7
ವೈವಾದಲ್ಲಿ ಬೆರಳು ಮಡಚಿಕೊಂಡು ಒಂದೇ ಉಸಿರಲ್ಲಿ ಹೇಳ್ತೀವಲ್ಲ: ಆಲ್‌ಫ್ಯಾಕ್ಟರಿ, ಆಪ್ಟಿಕ್, ಆಕ್ಯುಲೊಮೋಟರ್... ಕೊನೆಗೆ ಹೈಪೊಗ್ಲಾಸಲ್. ಒಟ್ಟು ಹನ್ನೆರಡು ಜೋಡಿ. ತಲೆಬುರುಡೆಯ ತೂತುಗಳಿಂದ ಹೊರಬಂದು ಕಣ್ಣು, ಕಿವಿ, ಮುಖ, ನಾಲಿಗೆಗೆ ಹೋಗೋ ನರಗಳು. ವೇಗಸ್ ಅಂತೂ ಹೊಟ್ಟೆವರೆಗೂ ಇಳಿಯುತ್ತೆ.

ಈ ‘ಹನ್ನೆರಡು’ ಅನ್ನೋ ಲೆಕ್ಕ ಕೊಟ್ಟಿದ್ದು ಯಾರು ಗೊತ್ತಾ? ನಮ್ಮಂಥ ಒಬ್ಬ ವಿದ್ಯಾರ್ಥಿ. 1778ರಲ್ಲಿ, ಜರ್ಮನಿಯ ಗಟಿಂಗನ್ ವಿಶ್ವವಿದ್ಯಾಲಯದಲ್ಲಿ, 23ನೇ ವಯಸ್ಸಲ್ಲಿ, ತನ್ನ ಪದವಿ ಪ್ರಬಂಧದಲ್ಲಿ. ಅದಕ್ಕೂ ಮೊದಲು ಸುಮಾರು 1500 ವರ್ಷ ಈ ಲೆಕ್ಕ ಏಳೇ ಆಗಿತ್ತು. ಆಮೇಲೆ ಒಂಬತ್ತಾಯ್ತು. ಮನುಷ್ಯನ ತಲೆಯೊಳಗೆ ನರಗಳು ಇದ್ದ ಹಾಗೇ ಇದ್ವು, ಎಣಿಸೋರು ನಿಂತ ಜಾಗ ಮಾತ್ರ ಬದಲಾಗ್ತಾ ಬಂತು. ಇವತ್ತಿನ ಸರಣಿ ಅದರ ಬಗ್ಗೆ. ಸೇವ್ ಮಾಡಿಟ್ಕೊಳ್ಳಿ, ಪರೀಕ್ಷೆ ಹಿಂದಿನ ರಾತ್ರಿ ಓದೋಕೆ ಚೆನ್ನಾಗಿರುತ್ತೆ.

2/7
ಗೇಲನ್‌ನ ಏಳು

ಕ್ರಿ.ಶ. 2ನೇ ಶತಮಾನ. ಈಗಿನ ಟರ್ಕಿಯಲ್ಲಿರೋ ಪೆರ್ಗಮಾನ್‌ನಲ್ಲಿ ಗ್ಲಾಡಿಯೇಟರ್‌ಗಳ ಗಾಯಕ್ಕೆ ಮದ್ದು ಮಾಡ್ತಿದ್ದ ಗೇಲನ್ ಆಮೇಲೆ ರೋಮ್‌ಗೆ ಹೋಗಿ ದೊಡ್ಡ ವೈದ್ಯನಾದ. ಅಲ್ಲಿ ಮನುಷ್ಯರ ಶವ ಕೊಯ್ಯೋ ಹಾಗಿರಲಿಲ್ಲ. ಕೋತಿ, ಹಂದಿ, ಎತ್ತುಗಳನ್ನೇ ಕೊಯ್ದು ಕಲಿತ. ಕೈ ಎಷ್ಟು ಪಳಗಿತ್ತು ಅಂದ್ರೆ, ಕಿರುಚ್ತಾ ಇರೋ ಹಂದಿಯ ಕತ್ತಿನಲ್ಲಿ ಧ್ವನಿಪೆಟ್ಟಿಗೆಯ ನರ ತುಂಡು ಮಾಡಿ, ಅದು ತಟ್ಟನೆ ಮೂಕವಾಗೋದನ್ನ ಜನರೆದುರು ತೋರಿಸ್ತಿದ್ದ.

ಗೇಲನ್ ಎಣಿಸಿದ ಜೋಡಿಗಳು ಹೀಗಿವೆ. ಮೊದಲನೆಯದು ಆಪ್ಟಿಕ್. ಎರಡನೆಯದು ಕಣ್ಣು ಆಡಿಸೋ ನರ. ಮೂರು, ನಾಲ್ಕು ಎರಡೂ ನಮ್ಮ ಟ್ರೈಜೆಮಿನಲ್‌ನ ತುಂಡುಗಳು. ಐದರಲ್ಲಿ ಫೇಷಿಯಲ್ ಮತ್ತು ಕಿವಿಯ ನರ ಒಟ್ಟಿಗೆ. ಆರರಲ್ಲಿ ಗ್ಲಾಸೊಫ್ಯಾರಿಂಜಿಯಲ್, ವೇಗಸ್, ಆಕ್ಸೆಸರಿ ಮೂರೂ ಒಟ್ಟಿಗೆ. ಏಳನೆಯದು ನಾಲಿಗೆಯ ನರ. ಮೂಗಿನದ್ದನ್ನ ನರ ಅಂತಲೇ ಲೆಕ್ಕಕ್ಕೆ ತಗೊಂಡಿಲ್ಲ, ಅದು ಮೆದುಳಿನದೇ ಭಾಗ ಅಂದ.

ನಗಬೇಡಿ. ಬುರುಡೆ ಕೈಗೆತ್ತಿಕೊಂಡು ತೂತುಗಳನ್ನ ನೋಡಿ. ಫೇಷಿಯಲ್ ನರ, ಕಿವಿಯ ನರ ಎರಡೂ ಒಂದೇ ಮೂಳೆಯ ಕಾಲುವೆಗೆ ಹೊಗ್ತವೆ. ಗೇಲನ್‌ನ ಆರನೇ ಗುಂಪಿನ ಮೂರೂ ನರಗಳು ಜುಗುಲರ್ ಫೊರಾಮೆನ್ ಅನ್ನೋ ಒಂದೇ ತೂತಿನಿಂದ ಹೊರಬರ್ತವೆ. ಒಂದೇ ಬಾಗಿಲಲ್ಲಿ ಓಡಾಡೋರನ್ನೆಲ್ಲ ಒಂದೇ ಮನೆಯವರು ಅಂದುಕೊಂಡ ಹಾಗೆ. ಬಾಗಿಲು ಎಣಿಸಿದ್ರೆ ಬರೋ ಲೆಕ್ಕ ಇದು.

3/7
ವೆಸೇಲಿಯಸ್ ಮತ್ತು ಎತ್ತಿನ ಕಣ್ಣು

ಗೇಲನ್ ಹೇಳಿದ್ದನ್ನ ಮುಂದಿನವರು ಹಾಗೇ ಒಪ್ಪಿಕೊಂಡು ಬಂದರು. ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ. ಇದನ್ನ ಅಲ್ಲಾಡಿಸಿದ್ದು ಆಂಡ್ರಿಯಾಸ್ ವೆಸೇಲಿಯಸ್. ಇಟಲಿಯ ಪಡುವಾದಲ್ಲಿ ಮರಣದಂಡನೆಯಾದವರ ದೇಹಗಳನ್ನ ತಾನೇ ಕೊಯ್ದು ನೋಡಿ, 1543ರಲ್ಲಿ ತನ್ನ ದೊಡ್ಡ ಗ್ರಂಥ ‘ಫ್ಯಾಬ್ರಿಕಾ’ ಪ್ರಕಟಿಸಿದ. ಗೇಲನ್ ಪ್ರಾಣಿಗಳನ್ನ ನೋಡಿ ಮನುಷ್ಯರ ಬಗ್ಗೆ ಬರೆದಿದ್ದಾನೆ ಅಂತ ಉದಾಹರಣೆ ಸಮೇತ ತೋರಿಸಿದ.

ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ! ಕಣ್ಣಿನ ವಿಷಯಕ್ಕೆ ಬಂದಾಗ ವೆಸೇಲಿಯಸ್ ಕೂಡ ಮನುಷ್ಯರ ಕಣ್ಣಿಗೆ ಏಳನೇ ಸ್ನಾಯು ಒಂದನ್ನ ಸೇರಿಸಿಬಿಟ್ಟ. ಗುಡ್ಡೆಯನ್ನ ಹಿಂದಕ್ಕೆ ಎಳೆಯೋ ಸ್ನಾಯು ಅದು. ದನದ ಕಣ್ಣಿಗೆ ಏನಾದ್ರೂ ತಾಗಿದ್ರೆ ಗುಡ್ಡೆ ಒಳಕ್ಕೆ ಸರಿಯುತ್ತಲ್ಲ, ಅದರ ಕೆಲಸವೇ. ಎತ್ತಿಗೆ ಇದೆ, ನಮಗಿಲ್ಲ. ನಮ್ಮ ಕಣ್ಣುಗುಡ್ಡೆ ತಿರುಗಿಸೋಕೆ ಇರೋದು ಆರೇ.

ನರಗಳ ಲೆಕ್ಕವನ್ನೂ ಆತ ಏಳರಲ್ಲೇ ಉಳಿಸಿಕೊಂಡ. ಗೇಲನ್‌ನ ಇಷ್ಟೊಂದು ತಪ್ಪು ಹಿಡಿದವನಿಗೂ ಆ ಸಂಖ್ಯೆ ಬಿಡೋಕಾಗಲಿಲ್ಲ.

4/7
ಕಿವಿಯೊಳಗೆ ಹೊಕ್ಕವರು

ಎತ್ತಿನ ಸ್ನಾಯುವನ್ನ ಮನುಷ್ಯರ ಕಣ್ಣಿಂದ ತೆಗೆದುಹಾಕಿದ್ದು ಗೇಬ್ರಿಯೆಲೆ ಫಾಲೋಪಿಯೊ. ಹೌದು, ಫಾಲೋಪಿಯನ್ ಟ್ಯೂಬ್‌ನ ಅದೇ ಫಾಲೋಪಿಯೊ. 1561ರ ತನ್ನ ಪುಸ್ತಕದಲ್ಲಿ ವೆಸೇಲಿಯಸ್‌ನ ತಪ್ಪುಗಳನ್ನ ಒಂದೊಂದಾಗಿ, ಆದ್ರೆ ತುಂಬ ಗೌರವದಿಂದ ತಿದ್ದಿದ. ಸುಪೀರಿಯರ್ ಆಬ್ಲಿಕ್ ಸ್ನಾಯು ಬಾವಿಯ ರಾಟೆ ಮೇಲಿನ ಹಗ್ಗದ ಹಾಗೆ ತಿರುಗಿ ಬರೋದನ್ನ ವಿವರಿಸಿದ. ಆ ಸ್ನಾಯುವಿನ ನರಕ್ಕೆ ‘ಟ್ರಾಕ್ಲಿಯರ್’ ಅಂತ ಹೆಸರು ಬಂದಿರೋದೇ ಆ ರಾಟೆಯಿಂದ. ಕಿವಿಯ ಮೂಳೆಯೊಳಗೆ ಫೇಷಿಯಲ್ ನರ ಹಾದುಹೋಗೋ ಕಾಲುವೆಗೂ ಈತನದೇ ಹೆಸರು. ಅಂದ್ರೆ ಕಿವಿಯ ನರ, ಮುಖದ ನರ ಒಂದೇ ಬಾಗಿಲಲ್ಲಿ ಹೊಕ್ಕರೂ ಒಳಗೆ ದಾರಿ ಬೇರೆ.

ವೆಸೇಲಿಯಸ್ ಉತ್ತರ ಬರೆದ. ಅದು ಕೈಸೇರೋ ಮೊದಲೇ, 1562ರಲ್ಲಿ, ಫಾಲೋಪಿಯೊ ತೀರಿಕೊಂಡ.

ಅದೇ ಕಾಲದಲ್ಲಿ ರೋಮ್‌ನಲ್ಲಿದ್ದ ಬಾರ್ತೊಲೊಮಿಯೊ ಯುಸ್ಟಾಕಿಯೊ 1552ರಲ್ಲೇ 47 ತಾಮ್ರದ ಫಲಕಗಳ ಮೇಲೆ ಅಂಗರಚನೆಯ ಚಿತ್ರಗಳನ್ನ ಕೆತ್ತಿಸಿದ್ದ. ನರಗಳ ಚಿತ್ರಗಳೂ ಅದರಲ್ಲಿದ್ವು. ಬದುಕಿದ್ದಾಗ ಅಚ್ಚಾಗಿದ್ದು 8 ಮಾತ್ರ. ಉಳಿದ 39 ಫಲಕಗಳು ಕಣ್ಮರೆಯಾಗಿ, 1714ರಲ್ಲಿ ಅಚ್ಚಾಗಿ ಹೊರಬಂದ್ವು. ಅಷ್ಟರಲ್ಲಿ 162 ವರ್ಷ ಕಳೆದಿತ್ತು!

5/7
ಮೆದುಳನ್ನ ಬೋರಲು ಹಾಕಿ

ಅಷ್ಟು ದಿನ ಮೆದುಳನ್ನ ಕೊಯ್ತಿದ್ದಿದ್ದು ಬುರುಡೆಯೊಳಗೇ ಇಟ್ಕೊಂಡು, ಮೇಲಿಂದ, ಪದರ ಪದರವಾಗಿ. ನರಗಳು ಹೊರಡೋದು ಅಡಿಯಿಂದ. ಚಾಕು ಅಲ್ಲಿಗೆ ಮುಟ್ಟೋ ಹೊತ್ತಿಗೆ ಮೆದುಳು ಮೆತ್ತಗಾಗಿ, ಎಳೆಯಂಥ ನರಗಳು ಹರಿದುಹೋಗಿರ್ತಿದ್ವು. ಟ್ರಾಕ್ಲಿಯರ್ ನರ ಎಷ್ಟು ತೆಳು ಅಂತ ಡಿಸೆಕ್ಷನ್ ಮಾಡಿದವರಿಗೆ ಗೊತ್ತು. ಮೇಲಾಗಿ ಮೆದುಳುಕಾಂಡದ ಬೆನ್ನ ಕಡೆಯಿಂದ ಹೊರಡೋದು ಅದೊಂದೇ.

ಇಟಲಿಯ ಕೊಸ್ತಾಂಜೊ ವರೋಲಿಯೊ ಮೆದುಳನ್ನ ಬುರುಡೆಯಿಂದ ಹೊರತೆಗೆದು, ಬೋರಲು ಹಾಕಿ, ಅಡಿಯಿಂದ ನೋಡಿದ. ಪುಸ್ತಕ ಬಂದಿದ್ದು 1573ರಲ್ಲಿ. ನಮ್ಮ ‘ಪಾನ್ಸ್’ಗೆ ಹೆಸರು ಕೊಟ್ಟವನು ಅವನೇ. ಆಕ್ಸ್‌ಫರ್ಡ್‌ನ ಥಾಮಸ್ ವಿಲಿಸ್ ಕೂಡ ಅಡಿಯಿಂದಲೇ ನೋಡಿ 1664ರಲ್ಲಿ ‘ಸೆರೆಬ್ರಿ ಅನಾಟಮೆ’ ತಂದ. ಚಿತ್ರ ಬರೆದುಕೊಟ್ಟಿದ್ದು ಕ್ರಿಸ್ಟೋಫರ್ ರೆನ್, ಮುಂದೆ ಲಂಡನ್ನಿನ ಸೇಂಟ್ ಪಾಲ್ ಕೆಥೆಡ್ರಲ್ ಕಟ್ಟಿದವನು.

ವಿಲಿಸ್ ಮೂಗಿನ ನರವನ್ನ ಮೊದಲನೇ ಸ್ಥಾನಕ್ಕೆ ತಂದ. ಕಣ್ಣು ಆಡಿಸೋ ಮೂರು ನರಗಳಿಗೂ ಬೇರೆ ಬೇರೆ ನಂಬರ್ ಕೊಟ್ಟ: 3, 4, 6. ಟ್ರೈಜೆಮಿನಲ್‌ನ ತುಂಡುಗಳನ್ನ ಒಂದುಗೂಡಿಸಿ 5 ಅಂದ. ಈ ಆರು ನಂಬರ್‌ಗಳು ಇವತ್ತಿಗೂ ಹಾಗೇ ಇವೆ! ಆದ್ರೆ 7ರಲ್ಲಿ ಮುಖ, ಕಿವಿ ಒಟ್ಟಿಗೇ ಉಳಿದ್ವು: ಒಂದು ‘ಗಟ್ಟಿ ಭಾಗ’, ಇನ್ನೊಂದು ‘ಮೃದು ಭಾಗ’ ಅಂತ. 8ರಲ್ಲಿ ಮೂರು ನರ ಒಟ್ಟಿಗೆ. 9 ನಾಲಿಗೆಯದು. ಹತ್ತನೆಯದು ಅಂದಿದ್ದು ನಿಜಕ್ಕೂ ಕತ್ತಿನ ಮೊದಲ ನರ, ಹಾಗಾಗಿ ಲೆಕ್ಕದಿಂದ ಬಿತ್ತು.

6/7
23ರ ಹುಡುಗನ ಪ್ರಬಂಧ

ಈಗ ನಮ್ಮ ವಿದ್ಯಾರ್ಥಿ ಬರ್ತಾನೆ: ಸ್ಯಾಮ್ಯುಯೆಲ್ ಥಾಮಸ್ ಸೋಮರಿಂಗ್. 1778ರ ಪ್ರಬಂಧದ ವಿಷಯವೇ ಮೆದುಳಿನ ಅಡಿಭಾಗ ಮತ್ತು ಬುರುಡೆಯಿಂದ ಹೊರಡೋ ನರಗಳ ಮೂಲ. ‘ಮೂಲ’ ಅನ್ನೋ ಪದ ಗಮನಿಸಿ. ನರ ಹೊರಗೆ ಹೋಗೋ ಬಾಗಿಲನ್ನ ಬಿಟ್ಟು, ಅದು ಹುಟ್ಟೋ ಜಾಗವನ್ನ ನೋಡಿದ್ರೆ ವಿಲಿಸ್‌ನ 7 ಎರಡಾಗುತ್ತೆ, 8 ಮೂರಾಗುತ್ತೆ. ಲೆಕ್ಕ ಹಾಕಿ: 9ಕ್ಕೆ 1 ಸೇರಿ 10, ಮತ್ತೆ 2 ಸೇರಿ 12.

ಎಲ್ಲರೂ ತಕ್ಷಣ ಒಪ್ಪಲಿಲ್ಲ. 19ನೇ ಶತಮಾನದಲ್ಲೂ ಇಂಗ್ಲಿಷ್ ಪಠ್ಯಪುಸ್ತಕಗಳಲ್ಲಿ ವಿಲಿಸ್‌ನ ಒಂಬತ್ತು ಬಹಳ ಕಾಲ ಉಳಿದುಕೊಂಡಿತ್ತು. ಗುರುಗಳು ಕಲಿಸಿದ ಸಂಖ್ಯೆ ಬಿಡೋದು ಯಾವ ಕಾಲದಲ್ಲೂ ಕಷ್ಟವೇ.

7/7
ಸಂಖ್ಯೆ ಏನಾದ್ರೇನು?

ರೋಗಿಯ ಮುಂದೆ ನಿಂತಾಗ ಗೊತ್ತಾಗುತ್ತೆ. ಕಣ್ಣು ಹೊರಗಡೆಗೆ ತಿರುಗ್ತಿಲ್ಲ, ಒಂದು ವಸ್ತು ಎರಡಾಗಿ ಕಾಣುತ್ತೆ ಅಂದ್ರೆ ಆರನೇ ನರ. ಮೆಟ್ಟಿಲು ಇಳಿಯುವಾಗ ಎರಡೆರಡು ಕಾಣುತ್ತೆ, ತಲೆ ಓರೆ ಮಾಡಿದ್ರೆ ಸರಿಹೋಗುತ್ತೆ ಅಂದ್ರೆ ನಾಲ್ಕನೆಯದರ ಮೇಲೆ ಅನುಮಾನ. ರೆಪ್ಪೆ ಜೋತುಬಿದ್ದು ಪಾಪೆ ಹಿಗ್ಗಿದ್ರೆ ಮೂರು. ಮೂರನ್ನೂ ‘ಕಣ್ಣು ಆಡಿಸೋ ನರ’ ಅಂತ ಒಂದೇ ಚೀಲಕ್ಕೆ ಹಾಕಿದ್ರೆ ತೊಂದರೆ ತಲೆಯೊಳಗೆ ಎಲ್ಲಿದೆ ಅಂತ ಹೇಳೋದು ಹೇಗೆ?

ಹಾಗಂತ ಗೇಲನ್‌ನ ಬಾಗಿಲೂ ಸುಳ್ಳಲ್ಲ. ಎಂಟನೇ ನರದ ಮೇಲೆ ಗಡ್ಡೆ ಬೆಳೆದ್ರೆ ಮೊದಲು ಒಂದು ಕಿವಿ ಮಂದವಾಗುತ್ತೆ. ಬೆಳೀತಾ ಹೋದ್ರೆ ಅದೇ ಕಾಲುವೆಯ ಪಕ್ಕದ ಏಳನೆಯದನ್ನೂ ಒತ್ತಬಹುದು. ಡಾಕ್ಟರಿಗೆ ಮೂಲವೂ ಗೊತ್ತಿರಬೇಕು, ಬಾಗಿಲೂ ಗೊತ್ತಿರಬೇಕು.

ಇನ್ನೊಂದು ವಿಷಯ. ಆಪ್ಟಿಕ್ ನರ ನಿಜಕ್ಕೂ ಮೆದುಳಿನದೇ ಚಾಚು ಅಂತ ಈಗ ಗೊತ್ತು. ಆಕ್ಸೆಸರಿಯ ಎಳೆಗಳು ಕತ್ತಿನ ಬೆನ್ನುಹುರಿಯಿಂದ ಬುರುಡೆಯೊಳಕ್ಕೆ ಹತ್ತಿ, ಮತ್ತೆ ಹೊರಗೆ ಇಳೀತವೆ. ಮೂಗಿನ ಹತ್ತಿರ ‘ಟರ್ಮಿನಲ್ ನರ’ ಅನ್ನೋ ಪುಟ್ಟದೊಂದಿದೆ. ಹನ್ನೆರಡೂ ತುಂಬಿಹೋಗಿದ್ದರಿಂದ ಅದಕ್ಕೆ ಸಿಕ್ಕ ನಂಬರ್ ಸೊನ್ನೆ! ಪರೀಕ್ಷೆಯಲ್ಲಿ ಹನ್ನೆರಡು ಅಂತಲೇ ಬರೀರಿ. ಆದ್ರೆ ಅದು ಕೊಯ್ದು, ನೋಡಿ, ಜಗಳವಾಡಿ, ಜನ ಒಪ್ಪಿಕೊಂಡ ಲೆಕ್ಕ ಅನ್ನೋದು ನೆನಪಿರಲಿ.

ಆ ಕಾಲದಲ್ಲಿ ಕೊಯ್ದ ದೇಹಗಳು ಶಿಕ್ಷೆಗೊಳಗಾದವರದ್ದು, ಯಾರೂ ಅವರನ್ನ ಕೇಳಿರಲಿಲ್ಲ. ಇವತ್ತು ನಮ್ಮ ಟೇಬಲ್ ಮೇಲೆ ಮಲಗಿರೋರಲ್ಲಿ ಎಷ್ಟೋ ಜನ ತಾವಾಗಿ ದೇಹದಾನ ಮಾಡಿದವರು. ಮುಂದಿನ ಡಿಸೆಕ್ಷನ್‌ನಲ್ಲಿ ಮೆದುಳು ಕೈಗೆ ಬಂದಾಗ ಅವಸರ ಬೇಡ. ಮೆಲ್ಲಗೆ ಬೋರಲು ಹಾಕಿ, ನೀವೇ ಎಣಿಸಿ ನೋಡಿ.

ಹನ್ನೆರಡನ್ನೂ ನೆನಪಿಟ್ಕೊಳ್ಳೋಕೆ ಕನ್ನಡದಲ್ಲಿ ನೀವು ಕಟ್ಟಿಕೊಂಡಿರೋ ಸೂತ್ರ ಯಾವುದು? ಕಾಮೆಂಟ್‌ನಲ್ಲಿ ಹಾಕಿ. ವೈವಾ ಹತ್ರ ಬಂದಿರೋ ಗೆಳೆಯರಿಗೆ ಶೇರ್ ಮಾಡಿ.

#ಕಪಾಲನರಗಳು #ಅನಾಟಮಿ #ವೈದ್ಯಕೀಯಇತಿಹಾಸ #ಕನ್ನಡದಲ್ಲಿವಿಜ್ಞಾನ