ಜಾನ್ ವುಡನ್

ಜಾನ್ ರಾಬರ್ಟ್ ವುಡನ್ (ಅಕ್ಟೋಬರ್ 14, 1910 – ಜೂನ್ 4, 2010) ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರರು ಮತ್ತು ತರಬೇತುದಾರರು. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ (ಯುಸಿಎಲ್‌ಎ) ಪುರುಷರ ತಂಡಕ್ಕೆ 1948ರಿಂದ 1975ರವರೆಗೆ ಮುಖ್ಯ ತರಬೇತುದಾರರಾಗಿದ್ದ ಅವರು, ಎನ್‌ಸಿಎಎ ಪಂದ್ಯಾವಳಿಯಲ್ಲಿ ತಂಡಕ್ಕೆ ಹತ್ತು ಬಾರಿ ರಾಷ್ಟ್ರೀಯ ಪ್ರಶಸ್ತಿ ಗಳಿಸಿಕೊಟ್ಟರು. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ ಸಂಸ್ಥೆಯನ್ನು, ಭಾರತದಲ್ಲಿ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗಳನ್ನು ನಡೆಸುವ ಭಾರತೀಯ ವಿಶ್ವವಿದ್ಯಾಲಯಗಳ ಸಂಘಕ್ಕೆ ಸ್ಥೂಲವಾಗಿ ಹೋಲಿಸಬಹುದು.

ಆರಂಭಿಕ ಜೀವನ

ವುಡನ್ ಇಂಡಿಯಾನಾ ರಾಜ್ಯದ ಹಾಲ್ ಎಂಬ ಊರಿನ ಕೃಷಿಕ ಕುಟುಂಬದಲ್ಲಿ ಜನಿಸಿದರು. ಪರ್ಡ್ಯೂ ವಿಶ್ವವಿದ್ಯಾಲಯದ ಪರ ಆಡುತ್ತ ಮೂರು ಬಾರಿ ಅಖಿಲ ಅಮೆರಿಕ ತಂಡಕ್ಕೆ ಆಯ್ಕೆಯಾದರು. 1932ರಲ್ಲಿ ಇಂಗ್ಲಿಷ್ ಸಾಹಿತ್ಯದಲ್ಲಿ ಪದವಿ ಪಡೆದು, ಕೆಂಟಕಿ ಮತ್ತು ಇಂಡಿಯಾನಾದ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿಯೂ ತರಬೇತುದಾರರಾಗಿಯೂ ದುಡಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯಲ್ಲಿ ಸೇವೆ ಸಲ್ಲಿಸಿದರು.

ಇಂಡಿಯಾನಾ ಸ್ಟೇಟ್

1946ರಲ್ಲಿ ಅವರು ಇಂಡಿಯಾನಾ ಸ್ಟೇಟ್ ಶಿಕ್ಷಕರ ಕಾಲೇಜಿನ ತರಬೇತುದಾರರಾದರು. 1947ರಲ್ಲಿ ತಂಡಕ್ಕೆ ಕ್ಯಾನ್ಸಸ್ ಸಿಟಿಯ ರಾಷ್ಟ್ರೀಯ ಪಂದ್ಯಾವಳಿಯ ಆಹ್ವಾನ ಬಂದಿತು. ಆ ಪಂದ್ಯಾವಳಿಯಲ್ಲಿ ಕಪ್ಪು ವರ್ಣೀಯ ಆಟಗಾರರಿಗೆ ನಿಷೇಧವಿತ್ತು. ತಂಡದಲ್ಲಿದ್ದ ಕ್ಲಾರೆನ್ಸ್ ವಾಕರ್ ಅವರನ್ನು ಬಿಟ್ಟು ಹೋಗಲು ಒಪ್ಪದ ವುಡನ್ ಆಹ್ವಾನವನ್ನೇ ನಿರಾಕರಿಸಿದರು. ಮರುವರ್ಷ ನಿಷೇಧ ತೆರವಾಯಿತು. ವಾಕರ್ ಆ ಪಂದ್ಯಾವಳಿಯಲ್ಲಿ ಆಡಿದ ಮೊದಲ ಕಪ್ಪು ವರ್ಣೀಯ ಆಟಗಾರರೆನಿಸಿದರು. ತಂಡವು ಅಂತಿಮ ಪಂದ್ಯದಲ್ಲಿ ಲೂಯಿವಿಲ್ ತಂಡಕ್ಕೆ ಸೋತಿತು.

ಯುಸಿಎಲ್‌ಎ

ಯುಸಿಎಲ್‌ಎಯಲ್ಲಿ ಮೊದಲ ರಾಷ್ಟ್ರೀಯ ಪ್ರಶಸ್ತಿಗೆ ಹದಿನಾರು ಋತುಗಳು ಬೇಕಾದವು. ಅಂಕಣದ ಉದ್ದಕ್ಕೂ ಎದುರಾಳಿಗಳ ಮೇಲೆ ಒತ್ತಡ ಹೇರುವ ತಂತ್ರದಿಂದ 1964ರಲ್ಲಿ ಆಡಿದ 30 ಪಂದ್ಯಗಳನ್ನೂ ಗೆದ್ದು ತಂಡವು ಪ್ರಶಸ್ತಿ ಪಡೆಯಿತು. 1965, 1967ರಿಂದ 1973ರವರೆಗೆ ಸತತವಾಗಿ ಏಳು ವರ್ಷ, ಹಾಗೂ 1975ರಲ್ಲಿ ಉಳಿದ ಪ್ರಶಸ್ತಿಗಳು ಬಂದವು. ಲ್ಯೂ ಆಲ್ಸಿಂಡರ್ (ಮುಂದೆ ಕರೀಂ ಅಬ್ದುಲ್ ಜಬ್ಬಾರ್) ಮತ್ತು ಬಿಲ್ ವಾಲ್ಟನ್ ಅವರ ಪ್ರಮುಖ ಶಿಷ್ಯರು. 1971ರಲ್ಲಿ ಆರಂಭವಾದ ಸತತ 88 ಗೆಲುವುಗಳ ಸರಣಿ, 1974ರ ಜನವರಿ 19ರಂದು ನೋಟರ್ ಡೇಮ್ ವಿರುದ್ಧ 71–70ರ ಸೋಲಿನೊಂದಿಗೆ ಕೊನೆಗೊಂಡಿತು. ಯುಸಿಎಲ್‌ಎಯಲ್ಲಿ ಅವರ ಒಟ್ಟು ಸಾಧನೆ 620 ಗೆಲುವು, 147 ಸೋಲು.

ತರಬೇತಿ ವಿಧಾನ

ಪ್ರತಿ ಋತುವಿನ ಮೊದಲ ದಿನ ವುಡನ್ ಆಟಗಾರರಿಗೆ ಕಾಲುಚೀಲ ಹಾಕಿಕೊಂಡು ಶೂ ಕಟ್ಟುವ ಕ್ರಮವನ್ನು ಕಲಿಸುತ್ತಿದ್ದರು. ಕಾಲುಚೀಲದಲ್ಲಿ ಸುಕ್ಕು ಉಳಿದರೆ ಬೊಕ್ಕೆಯೆದ್ದು ಆಟಗಾರ ಅಭ್ಯಾಸ ತಪ್ಪಿಸಿಕೊಳ್ಳಬೇಕಾಗುತ್ತದೆ ಎಂಬುದು ಇದರ ಹಿಂದಿನ ಕಾರಣ. ಅಭ್ಯಾಸದ ಪ್ರತಿ ನಿಮಿಷವನ್ನೂ ಮೊದಲೇ ಯೋಜಿಸಿ ಸಣ್ಣ ಕಾರ್ಡ್‌ಗಳಲ್ಲಿ ಬರೆದಿಟ್ಟುಕೊಳ್ಳುತ್ತಿದ್ದರು. ಪರಿಶ್ರಮ, ಸ್ನೇಹ, ನಿಷ್ಠೆ ಮೊದಲಾದ ಗುಣಗಳನ್ನು ಜೋಡಿಸಿ ಅವರು ರೂಪಿಸಿದ ‘ಯಶಸ್ಸಿನ ಪಿರಮಿಡ್’ ಕ್ರೀಡೆಯ ಆಚೆಗೂ ಪ್ರಸಿದ್ಧವಾಗಿದೆ.

ಟೀಕೆ

ಸ್ಯಾಮ್ ಗಿಲ್ಬರ್ಟ್ ಎಂಬ ಶ್ರೀಮಂತ ಅಭಿಮಾನಿಯು ಆಟಗಾರರಿಗೆ ನಿಯಮಬಾಹಿರವಾಗಿ ನೆರವಾಗುತ್ತಿದ್ದುದನ್ನು ವುಡನ್ ತಡೆಯಲಿಲ್ಲ ಎಂಬ ಟೀಕೆಯಿದೆ. ಅವರು ನಿವೃತ್ತರಾದ ಬಳಿಕ, 1981ರಲ್ಲಿ, ಎನ್‌ಸಿಎಎ ಯುಸಿಎಲ್‌ಎ ತಂಡದ ಮೇಲೆ ಕ್ರಮ ಜರುಗಿಸಿ ಗಿಲ್ಬರ್ಟ್ ಜೊತೆಗಿನ ಸಂಬಂಧ ಕಡಿದುಕೊಳ್ಳುವಂತೆ ಸೂಚಿಸಿತು.

ಗೌರವಗಳು ಮತ್ತು ನಿಧನ

ಆಟಗಾರರಾಗಿಯೂ (1960) ತರಬೇತುದಾರರಾಗಿಯೂ (1973) ಬ್ಯಾಸ್ಕೆಟ್‌ಬಾಲ್ ಕೀರ್ತಿಭವನಕ್ಕೆ ಸೇರಿದ ಮೊದಲ ವ್ಯಕ್ತಿ ವುಡನ್. 2003ರಲ್ಲಿ ಅವರಿಗೆ ಅಮೆರಿಕದ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕ ದೊರೆಯಿತು. ನೂರನೆಯ ಹುಟ್ಟುಹಬ್ಬಕ್ಕೆ ನಾಲ್ಕು ತಿಂಗಳು ಬಾಕಿಯಿರುವಾಗ ಲಾಸ್ ಏಂಜಲೀಸ್‌ನಲ್ಲಿ ನಿಧನರಾದರು.