ಹವಾನಿಯಂತ್ರಣ ಯಂತ್ರಗಳಲ್ಲಿ ಶೀತಕ ಅನಿಲದ ಒತ್ತಡ ಮತ್ತು ಉಷ್ಣಾಂಶ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಹಾಗೂ ಹೊಳಲ್ಕೆರೆ ತಾಲ್ಲೂಕುಗಳ ಸಾರ್ವಜನಿಕರು ಬೇಸಿಗೆಯಲ್ಲಿ ತಂಪು ಕಡಿಮೆಯಾಯಿತೆಂದು ಯಂತ್ರಕ್ಕೆ ಅನಿಲ ತುಂಬಿಸುವ ಮುನ್ನ ಕೆಳಕಂಡ ಅಂಶಗಳನ್ನು ಗಮನಿಸುವುದು.

ಮೂಲತತ್ತ್ವ: ದ್ರವ ಹಾಗೂ ಆವಿ ಒಟ್ಟಿಗಿರುವಾಗ ಶೀತಕದ ಒತ್ತಡವನ್ನು ನಿರ್ಧರಿಸುವುದು ಅದರ ಉಷ್ಣಾಂಶ. ಪ್ರತಿಯೊಂದು ಅನಿಲಕ್ಕೂ ಈ ಸಂಬಂಧ ಬೇರೆ ಬೇರೆ.

ಮಾಪಕದಲ್ಲಿ ಕಾಣುವ ಅಂದಾಜು ಒತ್ತಡ (ಪಿ.ಎಸ್.ಐ.):
ಆರ್-22: 5 ಡಿಗ್ರಿ ಸೆಲ್ಸಿಯಸ್‌ನಲ್ಲಿ 70, 50 ಡಿಗ್ರಿಯಲ್ಲಿ 267.
ಆರ್-410ಎ: 5 ಡಿಗ್ರಿಯಲ್ಲಿ 120, 50 ಡಿಗ್ರಿಯಲ್ಲಿ 430.
ಆರ್-32: 5 ಡಿಗ್ರಿಯಲ್ಲಿ 123, 50 ಡಿಗ್ರಿಯಲ್ಲಿ 441.

ಹೊರಗಿನ ಗಾಳಿಯು 38 ಡಿಗ್ರಿ ಇದ್ದಾಗ ಹೊರಘಟಕದಲ್ಲಿ ಶೀತಕವು ಸುಮಾರು 50 ಡಿಗ್ರಿಯಲ್ಲಿ ದ್ರವವಾಗುತ್ತದೆ. ಆದುದರಿಂದ ಮುಂಜಾನೆಯ ಒತ್ತಡವನ್ನು ಮಧ್ಯಾಹ್ನದ ಒತ್ತಡದೊಡನೆ ಹೋಲಿಸಲಾಗದು.

ಸೂಚನೆಗಳು:
1. ಫಿಲ್ಟರಿನಲ್ಲಿ ಧೂಳು ತುಂಬಿದರೂ ಒಳಘಟಕದ ಒತ್ತಡ ಇಳಿಯುತ್ತದೆ. ಮೊದಲು ಅದನ್ನು ಸ್ವಚ್ಛಗೊಳಿಸುವುದು.
2. ಅನಿಲವು ಬಳಕೆಯಿಂದ ಖರ್ಚಾಗುವುದಿಲ್ಲ. ಕಡಿಮೆಯಾಗಿದ್ದಲ್ಲಿ ಸೋರಿಕೆಯನ್ನು ಸರಿಪಡಿಸಿದ ನಂತರವೇ, ನಾಮಫಲಕದಲ್ಲಿ ನಮೂದಿಸಿದ ಅನಿಲವನ್ನು ತೂಕ ಮಾಡಿ ತುಂಬಿಸತಕ್ಕದ್ದು.
3. ಆರ್-22 ಯಂತ್ರಕ್ಕೆ ಆರ್-32 ತುಂಬಿಸಬಾರದು. ಇದರ ಒತ್ತಡ ಒಂದೂವರೆ ಪಟ್ಟಿಗೂ ಅಧಿಕವಾಗಿದ್ದು, ಬೆಂಕಿ ಹೊತ್ತಿಕೊಳ್ಳುವ ಗುಣವೂ ಇರುವುದರಿಂದ ಪ್ರಾಣಾಪಾಯ ಸಂಭವಿಸಬಹುದು.